ಸ್ಕೂಬಾ ಡೈವಿಂಗ್ ಮಾಡುವಾಗ ನೀರಿನಡಿ ಮೂತ್ರ ಬಂದರೆ ಏನು ಮಾಡುತ್ತಾರೆ?

ಮುಚ್ಚುಮರೆ ಯಾಕೆ, ವೆಟ್‌ಸೂಟ್ (ಮೈಗಂಟಿದಂತಿರುವ, ಒಳಗೆ ನೀರು ಬಿಡುವ ರಬ್ಬರಿನಂಥ ಉಡುಪು) ಹಾಕಿದವರು ಹೆಚ್ಚಿನವರು ಅದರೊಳಗೇ ಮಾಡಿಬಿಡುತ್ತಾರೆ. ಆಮೇಲೆ ಕುತ್ತಿಗೆಯ ಹತ್ತಿರ ಸೂಟನ್ನು ಸ್ವಲ್ಪ ಎಳೆದು ಹಿಡಿದರೆ ಸಮುದ್ರದ ನೀರು ಒಳನುಗ್ಗಿ ತೊಳೆದುಕೊಂಡು ಹೋಗುತ್ತದೆ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುವವರಿಗೂ ಇದೇ ದಾರಿ. ಬಾಡಿಗೆ ಸೂಟು ಯಾಕೆ ಹಾಗೆ ನಾರುತ್ತದೆ ಅಂತ ಈಗ ಗೊತ್ತಾಯಿತಲ್ವಾ? ಮೇಲೆ ಬಂದಮೇಲೆ ಚೆನ್ನಾಗಿ ತೊಳೆಯುವುದು ಮರ್ಯಾದೆ.

ನೀರಿಗಿಳಿದ ಕೂಡಲೇ ಅವಸರವಾಗುವುದು ಸುಮ್ನೆ ಅಲ್ಲ. ನೀರಿನ ಒತ್ತಡಕ್ಕೆ, ತಂಪಿಗೆ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು ದೇಹ ಕಿಡ್ನಿಗೆ ಕೆಲಸ ಹಚ್ಚುತ್ತದೆ. ಮೊದಲೇ ಟಾಯ್ಲೆಟ್‌ಗೆ ಹೋಗಿ ಬಂದಿದ್ದರೂ ಇದು ತಪ್ಪಿದ್ದಲ್ಲ.

ನಿಜವಾದ ಫಜೀತಿ ಡ್ರೈಸೂಟಿನಲ್ಲಿ. ಐಸ್‌ಲ್ಯಾಂಡಿನಲ್ಲಿ ನೆಲ ಸೀಳಿ ನೀರು ತುಂಬಿರುವ ಸಿಲ್ಫ್ರಾ ಬಿರುಕಿನಂಥ ಕಡೆ ನೀರು 2ರಿಂದ 4 ಡಿಗ್ರಿ. ಅಲ್ಲಿ ಹಾಕುವ ಸೂಟಿನೊಳಗೆ ನೀರು ಬರುವುದಿಲ್ಲ, ಹಾಗಾಗಿ ಒಳಗೆ ಮಾಡಿದ್ದು ಹೊರಗೂ ಹೋಗುವುದಿಲ್ಲ. ಬೆಚ್ಚಗಿನ ಒಳಬಟ್ಟೆ ಒದ್ದೆಯಾದರೆ ಚಳಿ ಹಿಡಿಯುತ್ತದೆ. ಚಿಕ್ಕ ಡೈವ್ ಆದರೆ ತಡೆದುಕೊಳ್ಳುತ್ತಾರೆ, ಇಲ್ಲವೇ ದೊಡ್ಡವರ ಡೈಪರ್ ಹಾಕುತ್ತಾರೆ. ಗಂಟೆಗಟ್ಟಲೆ ಇರುವವರು ತೊಡೆಯ ಹತ್ತಿರ ಮೂತ್ರ ಹೊರಬಿಡುವ ಪೀ-ವಾಲ್ವ್ ಹಾಕಿಸಿಕೊಳ್ಳುತ್ತಾರೆ. ಗಂಡಸರಿಗೆ ಕಾಂಡೋಮಿನಂಥ ಚೀಲ, ಹೆಂಗಸರಿಗೆ ಅಂಟಿಸುವ ಬಟ್ಟಲು. ಅದರಿಂದ ಸಣ್ಣ ಪೈಪು ವಾಲ್ವಿಗೆ, ವಾಲ್ವಿನಿಂದ ನೇರ ಸಮುದ್ರಕ್ಕೆ.

ಈ ತಾಪತ್ರಯಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ. ಮೈಯಲ್ಲಿ ನೀರು ಕಡಿಮೆಯಾದರೆ, ಮೇಲೆ ಬರುವಾಗ ರಕ್ತದಲ್ಲಿ ಗಾಳಿಗುಳ್ಳೆ ಏಳುವ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಹೆಚ್ಚಬಹುದು.