ಓದುಗರ ಕಟ್ಟಿ: ಧಾರಾವಾಹಿ ಮುಗದ ಮ್ಯಾಲಿನ ಮಾತು

ಈ ತಿಂಗಳು ಬಂದ ಪ್ರಶ್ನಿಗಳೊಳಗ ಟಿವಿದು, ಮತ್ತ ಟಿವಿ ನೋಡ್ಕೋತ ಮೊಬೈಲ್‌ನಾಗ ಗೆಳ್ಯಾರ ಕೂಡ ಹರಟಿ ಹೊಡಿಯೋದು, ಇವೇ ಜಾಸ್ತಿ ಇದ್ವು. ಅದಕ್ಕ ಉಳಿದವನ್ನ ಮುಂದಿನ ಸಲಕ್ಕ ಇಟ್ಟು ಇವಷ್ಟೇ ತಗೊಂಡೀನಿ. ಹೆಸರು ಹಾಕಬ್ಯಾಡ್ರಿ ಅಂದವ್ರೇ ಭಾಳ, ಹಿಂಗಾಗಿ ಊರಷ್ಟೇ ಅದ.

ಪ್ರ: ಅಕ್ಕಾ, ನಾವು ಐದು ಮಂದಿ ಗೆಳತ್ಯಾರು, ಎಲ್ಲಾರೂ ಆನ್‌ಲೈನ್‌ನಾಗೇ ಪರಿಚಯ ಆದವ್ರು, ಒಬ್ಬಾಕಿ ಬೀದರ್‌ದಾಕಿ, ಒಬ್ಬಾಕಿ ಯಾದಗಿರಿ, ಇನ್ನೊಬ್ಬಾಕಿ ಮದಿವಿ ಆಗಿ ಪುಣೆಕ್ಕ ಹೋಗ್ಯಾಳ. ರಾತ್ರಿ ಧಾರಾವಾಹಿ ಮುಗದ ಕೂಡ್ಲೇ ವಾಟ್ಸಾಪ್ ಗ್ರೂಪ್ ಚಾಲೂ ಆಗ್ತದ, ಕಥಿಯಿಂದ ಶುರು ಆಗಿದ್ದು ನಾಳಿ ಏನು ಪಲ್ಯ ಅನ್ನೋತನಕ ಬರ್ತದ. ನಮ್ಮ ಮನಿಯವ್ರು "ಇಲ್ಲದ ಮಂದಿ ಸುದ್ದಿ ಇಷ್ಟೊತ್ತು ಏನ್ ಮಾತಾಡ್ತಿ" ಅಂತಾರ. ಇದು ಖರೇನೇ ಟೈಂ ವೇಸ್ಟಾ? (ಗೃಹಿಣಿ, ಕಲಬುರಗಿ)

ಉ: ಅಲ್ಲ ತಂಗಿ, ಬಿಲ್ಕುಲ್ ಅಲ್ಲ. ನೀನು ಗೆಳತಿ ಒಪ್ಪಿಗಿ ತಗೊಂಡು ಒಂದು ರಾತ್ರಿಯ ಚಾಟ್ ಕಳ್ಸಿದ್ದಿ ಅಲ್ಲಾ, ಅದನ್ನ ಓದಿದ ಮ್ಯಾಲ ಅಂತೂ ನಂಗ ಅನುಮಾನನೇ ಉಳಿಲಿಲ್ಲ. ಅವತ್ತಿನ ಎಪಿಸೋಡ್‌ನಾಗ ಅತ್ತಿ ಸೊಸಿಗಿ ಬಂದ ನೌಕರಿ ಪತ್ರ ಮುಚ್ಚಿಟ್ಟಾಳ, ಒಬ್ಬಾಕಿ ಸಿಟ್ಟಿಲೆ "ಎಂಥ ಕೆಟ್ಟಾಕಿ ಇದ್ದಾಳವ್ವಾ" ಅಂತ ಬರದಾಳ, ಎಲ್ಲಾರೂ ಬೈಲತ್ತಾರ, ಅಷ್ಟ್ರೊಳಗ ಯಾದಗಿರಿಯಾಕಿ ಒಂದೇ ಸಾಲು ಹಾಕ್ಯಾಳ, "ನಮ್ಮತ್ತಿನೂ ನನ್ನ ಡಿಗ್ರಿ ಮಾರ್ಕ್ಸ್ ಕಾರ್ಡು ಟ್ರಂಕಿನಾಗಿಟ್ಟು ಕೀಲಿ ಹಾಕ್ಯಾರ" ಅಂತ. ಆಮ್ಯಾಲ ಧಾರಾವಾಹಿ ಮಾತು ಬಂದೇ ಇಲ್ಲ ನೋಡು. ಯಾವಾಗಿಂದ, ಯಾಕ ಹೇಳ್ಲಿಲ್ಲ, ಕೇಳಿ ನೋಡಿದ್ದೇನು, ಕೊಡಲಿಲ್ಲಂದ್ರ ಯೂನಿವರ್ಸಿಟಿಗಿ ಡೂಪ್ಲಿಕೇಟ್ ಕೇಳಿ ಅರ್ಜಿ ಹಾಕ್ಲಾಕ ಬರ್ತದ, ಫೀಜು ನಾವು ಕೂಡಿಸಿ ಕೊಡ್ತೀವಿ, ಹಿಂಗ ಒಬ್ಬರ ಮ್ಯಾಲ ಒಬ್ಬರು ಬರದೀರಿ. ಆ ಮಾತು ಆಕಿ ತವರು ಮನ್ಯಾಗೂ ಹೇಳಿದ್ದಿಲ್ಲ ಅಂತ ನೀನೇ ಬರದಿ. ಇಲ್ಲದ ಮಂದಿ ಸುದ್ದಿ ಇದ್ದಿದ್ದಕ್ಕೇ ಇದ್ದ ಸುದ್ದಿ ಹೊರಗ ಬಂತು. ತಂದೇ ದುಃಖ ತಾನೇ ಮೊದಲ ಹೇಳೋದು ಎಲ್ಲಾರಿಗೂ ಆಗಂಗಿಲ್ಲ, ಪರದಾದ ಮ್ಯಾಲಿನ ಸೊಸಿಗಿ ಬಂದಿದ್ದು ನೋಡಿ, ನಂದೂ ಹಂಗೇ ಅದ ಅಂತ ಹೇಳೋದು ಸಸಾರ.

ಆದ್ರ ಎರಡು ಮಾತು ನೆನಪಿಡು. ಗ್ರೂಪ್‌ನಾಗ ಬಂದ ಒಬ್ಬರ ಮನಿ ಮಾತು ಸ್ಕ್ರೀನ್‌ಶಾಟ್ ಆಗಿ ಹೊರಗ ಹೋಗಬಾರದು, ಗಂಡಗ ಸುದ್ದಾ ತೋರಸಬಾರದು. ಮತ್ತ ನಿದ್ದಿ ಕೆಡಸ್ಕೋಬ್ಯಾಡ್ರಿ, ಹತ್ತೂವರಿಗಿ ಮುಗಸ್ತೀವಿ ಅಂತ ಐದೂ ಮಂದಿ ಮಾತಾಡ್ಕೊಳ್ರಿ, ಬೆಳಿಗ್ಗಿ ನಲ್ಲಿ ನೀರಿಗಿ ಏಳಾವ್ರು ನೀವೇ. ಮನಿಯವ್ರಿಗಿ ಹೇಳು, ಅವ್ರು ಸಂಜಿಮುಂದ ಚಾದಂಗಡಿ ಮುಂದ ನಿಂತು ಮಾತಾಡಿ ಬರ್ತಾರಲ್ಲಾ, ನಿಂಗ ಆ ಚಾದಂಗಡಿ ಈ ಗ್ರೂಪು.

ಪ್ರ: ಧಾರಾವಾಹಿ ಎಳದೂ ಎಳದೂ ಸಾಕ್ ಮಾಡ್ಯಾರ್ರಿ. ನಾವು ಹುಡುಗ್ರು ಎಷ್ಟ್ ಬೈದ್ರೂ ಕಥಿ ಬದಲಾಗಂಗಿಲ್ಲ, ಮುಗಿಯಂಗೂ ಇಲ್ಲ. ನಾವು ನೋಡೋದ್ ಬಿಟ್ರ ಟಿಆರ್‌ಪಿ ಇಳಿತದೇನು? (ವಿದ್ಯಾರ್ಥಿ, ಶಹಾಪುರ)

ಉ: ತಮ್ಮ, ನಿಮ್ಮ ಮನ್ಯಾಗ ಮೀಟರ್ ಇದ್ರ ಇಳಿತದ, ಇಲ್ಲಂದ್ರ ಇಲ್ಲ. ಈಗ ಟಿವಿ ನೋಡೋರ ಲೆಕ್ಕ ತೆಗಿಯೋದು ಬಾರ್ಕ್ ಅನ್ನೋ ಸಂಸ್ಥೆ, 2015ರಿಂದ ಅವ್ರ ಲೆಕ್ಕ ಬರ್ಲತ್ತದ. ಎಲ್ಲಾ ಮನಿದೂ ನೋಡಂಗಿಲ್ಲ ಅವ್ರು, ದೇಶದಾಗ ಆರಿಸಿದ ಹತ್ತಾರು ಸಾವಿರ ಮನಿಗೊಳಗ ಟಿವಿ ಹತ್ರ ಒಂದು ಮೀಟರ್ ಇಡ್ತಾರ, ಚಾನೆಲ್‌ನವ್ರು ತಮ್ಮ ಆವಾಜಿನೊಳಗ ಕಿವಿಗಿ ಕೇಳ್ಸಲಾರದ ಒಂದು ಗುರುತು ಸೇರ್ಸಿರ್ತಾರ, ಮೀಟರ್ ಅದನ್ನ ಹಿಡದು ಯಾವ ಚಾನೆಲ್ ಎಷ್ಟೊತ್ತು ನಡೀತು ಅಂತ ಬರ್ಕೊಳ್ತದ, ಮನ್ಯಾಗಿನ ಮಂದಿ ಯಾರು ಕುಂತಾರೋ ಅವ್ರ ಬಟನ್ ಒತ್ತಬೇಕು. ಆ ಮನಿ ಯಾವ್ದು ಅಂತ ಗುಟ್ಟಾಗೇ ಇರ್ತದ. ವಾರಕ್ಕೊಮ್ಮೆ ಗುರುವಾರ ಲೆಕ್ಕ ಹೊರಗ ಬಂತಂದ್ರ ಚಾನೆಲ್ ಆಫೀಸಿನಾಗ ಎಲ್ಲಾರೂ ಅದ್ನೇ ನೋಡ್ಕೋತ ಕುಂದರ್ತಾರ, ನಂಬರ್ ಚೆಂದ ಬಂದ ಕಥಿ ಭಾಗ ಎಳಿತಾರ, ಬಿದ್ದಿದ್ದು ಮೊಟಕ ಮಾಡ್ತಾರ. ಕಥಿ ಬರಿಯಾವ್ರಿಗಿ ಮುಂದಿನ ಆರ್ ತಿಂಗಳದ್ದು ಗೊತ್ತಿರಂಗಿಲ್ಲ, ಎಳದಂಗ ಕಾಣೋದು ಅದಕ್ಕೇ. ಜಾಹೀರಾತಿಗಿ ಒಂದು ತಾಸಿನಾಗ 12 ನಿಮಿಷ ಅಂತ ನಿಯಮ ಅದ, ಅದ್ರಾಗ ಚಾನೆಲ್‌ನವ್ರ ಸ್ವಂತ ಪ್ರಚಾರ 2 ನಿಮಿಷ ಸೇರಿ, ಅದು ತಪ್ಪಿದ್ರ ದೂರು ಕೊಡಬಹುದು. ಕಥಿ ಸರಿ ಇಲ್ಲ ಅಂತ ದೂರು ಕೊಡ್ಲಾಕ ಮಾತ್ರ ಜಾಗ ಇಲ್ಲ, ರಿಮೋಟ್ ಅದ.

ಪ್ರ: ನಾನು ರಿಟೈರ್ಡ್ ಮಾಸ್ತರ. ಟಿವಿಯೊಳಗ ನಮ್ಮ ಕಡಿ ಮಾತು ಕೇಳಿದ್ರ ಅದು ಬರೇ ನಗಸ್ಲಾಕ, ಇಲ್ಲಾ ಜಗಳಕ್ಕ. ನಾವು ಟಿವಿಗಿ ಕಡಿಗಿ ಬಂದವ್ರು, ಅದಕ್ಕ ಹಿಂಗ ಅಂತ ನನ್ನ ಆನ್‌ಲೈನ್ ಗೆಳ್ಯ ಒಬ್ಬ ಮೈಸೂರಿನವ ವಾದ ಮಾಡ್ತಾನ. ಏನ್ ಉತ್ತರ ಕೊಡ್ಲಿ? (ಚಿತ್ತಾಪುರ)

ಉ: ಸರ್, ನಿಮ್ಮ ಗೆಳ್ಯಾರಿಗಿ ಮೊದಲ ಇದನ್ನ ಹೇಳ್ರಿ: ಕರ್ನಾಟಕದಾಗ ಟಿವಿ ಮೊದಲ ಬಂದಿದ್ದು ನಮ್ಮ ಕಡಿ ಹಳ್ಳಿಗಳಿಗಿ. 1975ರ ಆಗಸ್ಟ್ 1ಕ್ಕ ಸೈಟ್ ಅನ್ನೋ ಪ್ರಯೋಗ ಶುರು ಆಯ್ತು, ಅಮೆರಿಕದ ನಾಸಾದವ್ರ ಎಟಿಎಸ್-6 ಉಪಗ್ರಹ ಒಂದು ವರ್ಷಕ್ಕ ಕಡಾ ತಗೊಂಡು, ನಮ್ಮ ಇಸ್ರೋದವ್ರು ಆರು ರಾಜ್ಯದ ಸುಮಾರು 2,400 ಹಳ್ಳಿಗಿ ನೇರ ಟಿವಿ ಮುಟ್ಸಿದ್ರು. ಕರ್ನಾಟಕದಾಗ ಆರ್ಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾ. ಆಗ ಯಾದಗಿರಿ ಗುಲ್ಬರ್ಗಾ ಜಿಲ್ಲಾದಾಗೇ ಇತ್ತು. ಬೆಂಗಳೂರಿಲ್ಲ, ಮೈಸೂರಿಲ್ಲ. ಹತ್ತು ಫೂಟಿನ ದೊಡ್ಡ ಛತ್ರಿ, ಅದ್ಕ ಕೋಳಿ ಬಲಿಯಂಥ ತಂತಿ ಜಾಳಿಗಿ, ಊರಿಗೊಂದೇ ಟಿವಿ. ಬೆಳಿಗ್ಗಿ ಸಾಲಿ ಹುಡುಗ್ರಿಗಿ, ಸಂಜಿಗಿ ದೊಡ್ಡವ್ರಿಗಿ, ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನಾ, ನಡುವ ಹಾಡು ಕುಣಿತ. 1976ರ ಜುಲೈ 31ಕ್ಕ ಪ್ರಯೋಗ ಮುಗೀತು, ಉಪಗ್ರಹ ವಾಪಸ್ ಹೋತು. ಆದ್ರ ಟಿವಿ ಚಟ ಹತ್ತಿದ ಊರುಗಳನ್ನ ಹಂಗೇ ಬಿಡ್ಲಾಕ ಆಗ್ಲಿಲ್ಲ, 1977ರಾಗ ಗುಲ್ಬರ್ಗಾದಾಗ ದೂರದರ್ಶನ ಕೇಂದ್ರ ಆಯ್ತು. ಬೆಂಗಳೂರಿಗಿ ಬಂದಿದ್ದು 1981ರಾಗ. ರಾಜಧಾನಿಕಿಂತ ನಾಲ್ಕು ವರ್ಷ ಮೊದಲ ನಾವು ಟಿವಿ ನೋಡ್ಯೇವ್ರಿ ಸರ್!

ಹಂಗಿದ್ರ ನಮ್ಮ ಮಾತು ಯಾಕ ಮ್ಯಾಲ ಬರ್ಲಿಲ್ಲ ಅಂದ್ರ, ಖಾಸಗಿ ಚಾನೆಲ್ ಬಂದ ಮ್ಯಾಲ ಧಾರಾವಾಹಿ ಶೂಟಿಂಗ್ ಮನಿ, ಕಲಾವಿದ್ರು, ಡಬ್ಬಿಂಗ್, ಎಲ್ಲಾ ಬೆಂಗಳೂರು ಸುತ್ತಾನೇ ಕೂಡ್ತು. ಬರಿಯಾವ್ರು ತಮ್ಮ ಕಿವಿಗಿ ಬಿದ್ದ ಮಾತೇ ಬರೀತಾರ, ನಮ್ಮ ಮಾತು ಬೇಕಾದಾಗ "ಏನ್ಲೇ, ಯಾಕ್ಲೇ" ಅಂತ ಎರಡು ಪದ ಸೇರಿಸಿ ಮುಗಸ್ತಾರ. ನಂಗ ಇದು ಖರೇನೂ ನೋವಿನ ಮಾತು. ಜೋಳದ ರಾಶಿ ಮಾಡೋ ಹೆಣ್ಮಗಳು, ಜೇವರ್ಗಿ ಕೋರ್ಟಿನಾಗ ವಾದ ಮಾಡೋ ವಕೀಲಿ, ಜಿಲ್ಲಾ ಆಸ್ಪತ್ರಿ ಡಾಕ್ಟ್ರು, ಇವ್ರೆಲ್ಲಾ ದಿನಾ ಹಿಂಗೇ ಮಾತಾಡ್ತಾರಲ್ಲಾ, ಅವ್ರು ಅಳೋದು, ಪ್ರೀತಿ ಮಾಡೋದು, ಸಾಲದ ಚಿಂತಿ ಮಾಡೋದು ಎಲ್ಲಾ ಇದೇ ಮಾತಿನಾಗ. ಅದು ಪರದಾದ ಮ್ಯಾಲ ಬರಬೇಕು. ಈಗ ನಮ್ಮ ಹುಡುಗ್ರು ಮೊಬೈಲ್‌ನಾಗೇ ವಿಡಿಯೋ ಮಾಡಿ ಯೂಟ್ಯೂಬ್‌ಗಿ ಹಾಕ್ಲತ್ತಾರ, ಮನಿ ಅಂಗಳದಾಗ, ಹೊಲದ ಬದುವಿನ ಮ್ಯಾಲ, ಅದ್ರಾಗ ಕೆಲವು ಭಾಳ ಛಲೋ ಅವ. ನೋಡ್ರಿ, ಮೈಸೂರಿನ ಗೆಳ್ಯಾರಿಗೂ ಕಳಸ್ರಿ.

ಪ್ರ: ಮಳಿ ಬಂತಂದ್ರ ಡಿಶ್ ಟಿವಿ ಬಂದ್. ಸರಿಯಾಗಿ ಧಾರಾವಾಹಿ ಟೈಮಿಗೇ ಹಿಂಗಾಗ್ತದ. ಕೇಬಲ್ ಹಾಕ್ಸಿದ್ರ ಛಲೋನಾ? (ಯಾದಗಿರಿ)

ಉ: ಮನಿಮ್ಯಾಲಿನ ಸಣ್ಣ ಛತ್ರಿಗಿ ಬರೋ ಸಿಗ್ನಲ್ ಕೆಯು ಬ್ಯಾಂಡ್ ಅನ್ನೋ ಭಾಳ ಸಣ್ಣ ರೇಡಿಯೋ ಅಲಿಗಳದು, ದಟ್ಟ ಮಳಿ, ದಪ್ಪ ಮೋಡ ಅಡ್ಡ ಬಂದ್ರ ನೀರ ಹನಿ ಅದನ್ನ ಹೀರ್ಕೊಂಡು ಬಿಡ್ತಾವ. ಡಬ್ಬಿ ಕೆಟ್ಟಿಲ್ಲ, ಮಳಿ ನಿಂತ ಮ್ಯಾಲ ತಾನೇ ಬರ್ತದ. ಮಳಿ ನಿಂತ್ರೂ ಬರ್ಲಿಲ್ಲಂದ್ರ ಗಾಳಿಗಿ ಛತ್ರಿ ಹೊಳ್ಳಿರ್ತದ ಇಲ್ಲಾ ವೈರಿನ ಜೋಡಿನಾಗ ನೀರು ಹೋಗಿರ್ತದ, ಅವಾಗ ಮೆಕ್ಯಾನಿಕ್‌ಗಿ ಕರೀರಿ. ಗುಡುಗು ಸಿಡಿಲಿದ್ದಾಗ ಮಾಳಿಗಿ ಹತ್ತಿ ಛತ್ರಿ ತಿರುವ್ಲಾಕ ಹೋಗಬ್ಯಾಡ್ರಿ ದಯಮಾಡಿ, ಟಿವಿ ಪ್ಲಗ್ ಕಿತ್ತಿಡ್ರಿ. ಬರೇ ಮಳಿ ಸಲುವಾಗಿ ಕೇಬಲ್‌ಗಿ ಬದಲಿ ಮಾಡೋದು ಬ್ಯಾಡ.

ಪ್ರ: ಮಗಗ ಒಂದೂವರಿ ವರ್ಷ, ಟಿವಿ ಹಚ್ಚಲಾರದ ತುತ್ತು ನುಂಗಂಗಿಲ್ಲ. ಗೆಳತ್ಯಾರು ಎಲ್ಲಾರ ಮನ್ಯಾಗೂ ಹಿಂಗೇ ಅಂತಾರ. ಬಿಡ್ಸೋದು ಹೆಂಗ? (ತಾಯಿ, ಬೀದರ್)

ಉ: ಎಲ್ಲಾರ ಮನ್ಯಾಗೂ ಅದ, ಆದ್ರ ಅದಕ್ಕ ಸರಿ ಅಂತಲ್ಲ ತಂಗಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯವ್ರು ಎರಡು ವರ್ಷದ ಒಳಗಿನ ಕೂಸಿಗಿ ಟಿವಿ ಮೊಬೈಲಿನ ಪರದಾ ಬ್ಯಾಡೇ ಬ್ಯಾಡ ಅಂತಾರ (ದೂರ ಇದ್ದ ಮಂದಿಗಿ ವಿಡಿಯೋ ಕಾಲ್ ಮಾಡೋದು ಬ್ಯಾರೆ ಮಾತು), ಎರಡರಿಂದ ಐದರತನಕ ದಿನಕ್ಕ ಒಂದು ತಾಸಿಗಿ ಮಿಕ್ಕಬಾರದು. ಟಿವಿ ನೋಡ್ಕೋತ ಉಂಬೋ ಕೂಸಿಗಿ ಹೊಟ್ಟಿ ತುಂಬಿದ್ದೂ ತಿಳಿಯಂಗಿಲ್ಲ, ಬಾಯಾಗಿನ ರುಚಿನೂ ತಿಳಿಯಂಗಿಲ್ಲ. ಮಧ್ಯಾಹ್ನದ ಊಟ ಒಂದರಿಂದ ಶುರು ಮಾಡು. ಮೆತ್ತಗ ಹಿಚುಕಿದ ಅನ್ನ ತೊವ್ವಿ ಅವನ ಮುಂದ ತಾಟಿನಾಗ ಹಾಕು, ಕೈಯಿಲೆ ಬಳ್ಕೊಳ್ಳಲಿ, ಅರ್ಧ ನೆಲಕ್ಕ ಚೆಲ್ಲಲಿ. ಎರಡು ದಿನ ಕಡಿಮಿ ಉಂಡ್ರ ಗಾಬರಿ ಆಗಬ್ಯಾಡ. ಮತ್ತ ಆ ಹೊತ್ತಿಗಿ ಮನ್ಯಾಗ ದೊಡ್ಡವ್ರೂ ಟಿವಿ ಬಂದ್ ಇಡಬೇಕು, ಇದು ಅತ್ತಿ ಮಾವಗೂ ಗಂಡಗೂ ಹೇಳಬೇಕಾಗ್ತದ, ಹೇಳು.

ಪ್ರ: ನಮ್ಮ ಗ್ರೂಪ್‌ನಾಗ ಒಬ್ಬಾಕಿ ರೊಕ್ಕ ಕಟ್ಟಿ ಆ್ಯಪ್‌ನಾಗ ಎಪಿಸೋಡ್ ಮೊದಲೇ ನೋಡಿ ಕಥಿ ಹೇಳಿಬಿಡ್ತಾಳ. ಬೈದ್ರ ಮುನಸ್ಕೊಂಡು ಮಾತು ಬಿಡ್ತಾಳ. (ಹುಮನಾಬಾದ್)

ಉ: ಆಕಿಗಿ ಹೇಳಬೇಕು ಅನಸ್ತದ, ತಡಿಲಾಕ ಆಗಂಗಿಲ್ಲ, ಅಷ್ಟೇ ರೀ. ಮೊದಲೇ ನೋಡಿದವ್ರಿಗಿ ಇನ್ನೊಂದು ಗ್ರೂಪ್ ಮಾಡಿ ಕೊಡ್ರಿ, ಟಿವಿಯಾಗ ಎಪಿಸೋಡ್ ಮುಗದ ಮ್ಯಾಲ ಎರಡೂ ಕೂಡ್ಸಿ ಮಾತಾಡ್ರಿ. ಬೈಬ್ಯಾಡ್ರಿ.

ಪ್ರ: ಮ್ಯಾಚ್ ನೋಡ್ಲಾಕ ಗೆಳ್ಯಾರು ಮನಿಗಿ ಬರ್ತಾರ, ಹತ್ತು ನಿಮಿಷದಾಗ ಆಗೋ ತಿಂಡಿ ಹೇಳ್ರಿ, ನಂಗ ಅಡಗಿ ಅಷ್ಟಕ್ಕಷ್ಟೇ. (ಸೇಡಂ)

ಉ: ಸುಸಲಾ ಮಾಡು ತಮ್ಮ, ಮತ್ತೇನ್ ವಿಚಾರ. ಚುರುಮುರಿ ದೊಡ್ಡ ಬುಟ್ಟ್ಯಾಗ ನೀರಿಗಿ ಹಾಕಿ ಒಂದು ಸಲ ಮುಳಗ್ಸಿ ಕೂಡ್ಲೇ ಹಿಂಡಿ ತೆಗಿ, ಬಿಟ್ರ ಮುದ್ದಿ ಆಗ್ತದ. ಎಣ್ಣ್ಯಾಗ ಸಾಸಿವಿ, ಜೀರಗಿ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಸಣ್ಣಗ ಹೆಚ್ಚಿದ ಉಳ್ಳಾಗಡ್ಡಿ, ಅರಿಶಿಣ, ಉಪ್ಪು. ಉಳ್ಳಾಗಡ್ಡಿ ಮೆತ್ತಗಾದ ಮ್ಯಾಲ ಹಿಂಡಿದ ಚುರುಮುರಿ ಹಾಕಿ ಕೈಯಾಡ್ಸಿ, ಮ್ಯಾಲ ಪುಠಾಣಿ ಹಿಟ್ಟು ಉದುರ್ಸು, ನಿಂಬಿಹಣ್ಣು ಹಿಂಡು, ಕೊತ್ತಂಬರಿ ಹಾಕು. ಪುಠಾಣಿ ಹಿಟ್ಟು ಬಿಡಬ್ಯಾಡ, ಹೆಚ್ಚಿಗಿ ಇದ್ದ ನೀರೆಲ್ಲಾ ಅದೇ ಹೀರ್ಕೊಳ್ತದ. ಮಿರ್ಚಿ ಭಜಿ ಮಾತ್ರ ಅಂಗಡಿಯಿಂದ ತರ್ಸು, ಮನ್ಯಾಗ ಕರೀಲಾಕ ನಿಂತ್ರ ಮ್ಯಾಚ್ ಹೋಗ್ತದ.

ಪ್ರ: ಡ್ಯಾನ್ಸ್ ಶೋ ನೋಡ್ಕೋತ ಆನ್‌ಲೈನ್‌ನಾಗ ಗೆಳತಿ ಆದಾಕಿಗಿ ಮೊದಲ್ನೇ ಸಲ ಭೆಟ್ಟಿ ಆಗಬೇಕಂತ ಮಾಡೀವಿ. ಆಕಿ ಕಲಬುರಗಿ, ನಾನು ಬೀದರ್. ಎಲ್ಲಿ ಭೆಟ್ಟಿ ಆಗೋದು? ಮನ್ಯಾಗ ಹೇಳ್ಲಾ ಬ್ಯಾಡಾ? (ಡಿಗ್ರಿ ವಿದ್ಯಾರ್ಥಿನಿ, ಬೀದರ್)

ಉ: ಹೇಳಿಯೇ ಹೋಗು. ಹೋಗೋಕಿಂತ ಮೊದಲ ಒಂದು ಸಲ ವಿಡಿಯೋ ಕಾಲ್ ಮಾಡಿ ಮಾರಿ ನೋಡ್ಕೋ, ಅವ್ವಗೂ ಆಕಿ ಅವ್ವಗೂ ಮಾತಾಡ್ಸಿದ್ರ ಇನ್ನೂ ಛಲೋ. ಫೋಟೋ ಕಳ್ಸಿದಾಕಿ ಬ್ಯಾರೆ, ಬಂದವ್ರು ಬ್ಯಾರೆ ಆಗೋದು ಎಲ್ಲಾ ಕಡಿ ನಡದದ, ಹಿಂಗಾಗಿ ಮೊದಲ್ನೇ ಭೆಟ್ಟಿ ಹಗಲು ಹೊತ್ತಿನಾಗ, ಮಂದಿ ಇದ್ದಲ್ಲಿ, ಯಾರ ಮನಿಗೂ ಹೋಗಬ್ಯಾಡ. ಬೀದರ್ ಕಲಬುರಗಿ ರೈಲು 2017ರಿಂದ ಅದ, ಸುಮಾರು 110 ಕಿಲೋಮೀಟರ್, ಹೊಲ ನೋಡ್ಕೋತ ಆರಾಮ ಹೋಗಬಹುದು. ಸ್ಟೇಷನ್ನಿಗಿ ಆಕಿ ಬರಲಿ, ಅಲ್ಲಿಂದ ಶರಣಬಸವೇಶ್ವರ ಗುಡಿ, ಆಮ್ಯಾಲ ಅಪ್ಪನ ಕೆರಿ ತೋಟ. ಬಿಸಲು ಕಡಿಮಿ ಇದ್ರ ಕೋಟಿಗೂ ಹೋಗ್ರಿ, ಒಳಗಿನ ಜಾಮಾ ಮಸೀದಿ 1367ರದ್ದು, ಅಂಗಳನೇ ಇಲ್ಲದ ಹಂಗ ಪೂರಾ ಗುಮ್ಮಟ ಹೊದಿಸಿ ಕಟ್ಟ್ಯಾರ, ಕಮಾನಿನ ಕೆಳಗ ಉರಿ ಬಿಸಲಾಗೂ ತಂಪು. ಹಸಿವಾದ್ರ ಸೂಪರ್ ಮಾರ್ಕೆಟ್ ಕಡಿ ಬರ್ರಿ. ವಾಪಸ್ ರೈಲಿನ ಟೈಂ ಮೊದಲೇ ನೋಡಿಟ್ಕೋ, ತಪ್ಪಿದ್ರ ಹುಮನಾಬಾದ್ ಮ್ಯಾಲಿಂದ ಬಸ್ ಅವ.