ಬ್ಲ್ಯಾಕ್ ಬಾಕ್ಸ್ ಇಲ್ಲದ ವಿಮಾನ ಬಿದ್ದರೆ ಕಾರಣ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನನ್ನ ಮಗಳು ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ಅವಳು ಹಾರಿಸುವ ಪುಟ್ಟ ವಿಮಾನದಲ್ಲಿ ಬ್ಲ್ಯಾಕ್ ಬಾಕ್ಸ್ ಇಲ್ಲವಂತೆ. ಇಂಥ ವಿಮಾನ ಇಳಿಯುವಾಗ ಬಿದ್ದು ಒಳಗಿದ್ದವರು ಯಾರೂ ಉಳಿಯದಿದ್ದರೆ, ಏನಾಯಿತು ಎಂದು ಹೇಗೆ ಹೇಳುತ್ತಾರೆ? ಸುಮ್ನೆ ಪೈಲಟ್ ತಪ್ಪು ಅಂತ ಬರೆದು ಮುಗಿಸುತ್ತಾರಾ?
– ಓದುಗರೊಬ್ಬರು, ತುಮಕೂರು

ಉತ್ತರ: ಇಲ್ಲ, ಹಾಗೆ ಮುಗಿಸುವುದಿಲ್ಲ. ಬ್ಲ್ಯಾಕ್ ಬಾಕ್ಸ್ ಇಲ್ಲದಿದ್ದರೂ ಬಿದ್ದ ಜಾಗವೇ ತುಂಬಾ ಹೇಳುತ್ತದೆ. ನಿಜವಾಗಿ ನಡೆದ ಒಂದು ತನಿಖೆಯನ್ನೇ ಹೇಳುತ್ತೇನೆ.

2002ರ ಅಕ್ಟೋಬರ್ 25. ಅಮೆರಿಕದ ಮಿನೆಸೋಟ ರಾಜ್ಯದ ಸೆನೆಟರ್ ಪಾಲ್ ವೆಲ್‌ಸ್ಟೋನ್ ಒಂದು ಅಂತ್ಯಕ್ರಿಯೆಗೆ ಹೊರಟಿದ್ದರು. ಜೊತೆಯಲ್ಲಿ ಹೆಂಡತಿ, ಮಗಳು, ಚುನಾವಣಾ ಪ್ರಚಾರದ ಮೂವರು, ಇಬ್ಬರು ಪೈಲಟ್‌ಗಳು. ವಿಮಾನ ಬಾಡಿಗೆಗೆ ಪಡೆದ ಕಿಂಗ್ ಏರ್ ಎ100, ಎರಡು ಎಂಜಿನ್‌ನದು. ಎವೆಲೆತ್ ಎಂಬ ಸಣ್ಣ ಊರಿನಲ್ಲಿ ಇಳಿಯಬೇಕಿತ್ತು. ಮೋಡ ಕೆಳಗೆ ಕವಿದಿತ್ತು. ರನ್‌ವೇಗೆ ಸುಮಾರು 3 ಕಿಲೋಮೀಟರ್ ಇರುವಾಗ ವಿಮಾನ ಕಾಡಿನಲ್ಲಿ ಬಿದ್ದು ಬೆಂಕಿ ಹತ್ತಿಕೊಂಡಿತು. ಎಂಟೂ ಜನ ತೀರಿಕೊಂಡರು. ಮಾತು ದಾಖಲಿಸುವ ಯಂತ್ರವೂ ಇರಲಿಲ್ಲ, ಹಾರಾಟದ ಅಂಕಿ ದಾಖಲಿಸುವ ಯಂತ್ರವೂ ಇರಲಿಲ್ಲ. ಚುನಾವಣೆಗೆ ಎರಡು ವಾರವೂ ಉಳಿದಿರಲಿಲ್ಲ. ಸಂಚು ಎಂಬ ಗುಸುಗುಸು ಬೇಗ ಹಬ್ಬಿತು.

ತನಿಖೆಯವರು ಇಂಥ ಜಾಗದಲ್ಲಿ ಮೊದಲು ವಿಮಾನದ ನಾಲ್ಕು ತುದಿ ಹುಡುಕುತ್ತಾರೆ. ಮೂತಿ, ಬಾಲ, ಎರಡು ರೆಕ್ಕೆಯ ಕೊನೆ. ನಾಲ್ಕೂ ಒಂದೇ ಕಡೆ ಸಿಕ್ಕರೆ ವಿಮಾನ ಆಕಾಶದಲ್ಲಿ ಮುರಿದಿಲ್ಲ, ಇಡಿಯಾಗಿಯೇ ನೆಲಕ್ಕೆ ಬಂದಿದೆ ಎಂದರ್ಥ. ಆಮೇಲೆ ಮರಗಳ ಕಡೆ ನೋಡುತ್ತಾರೆ. ಕೊಂಬೆಗಳು ಯಾವ ಎತ್ತರದಲ್ಲಿ, ಯಾವ ಸಾಲಿನಲ್ಲಿ ಮುರಿದಿವೆ ಎಂದು ಅಳೆದರೆ ವಿಮಾನ ಎಷ್ಟು ಕಡಿದಾಗಿ ಇಳಿಯಿತು, ಯಾವ ಕಡೆ ವಾಲಿತ್ತು ಎಂದು ಲೆಕ್ಕ ಸಿಗುತ್ತದೆ. ಕೊಂಬೆ ಕತ್ತಿಯಲ್ಲಿ ಹೊಡೆದ ಹಾಗೆ ಓರೆಯಾಗಿ ತುಂಡಾಗಿದ್ದರೆ ಪ್ರೊಪೆಲ್ಲರ್ ಆಗ ಜೋರಾಗಿ ತಿರುಗುತ್ತಿತ್ತು ಎಂಬ ಸುಳಿವು. ಸುಟ್ಟ ಲೋಹದಲ್ಲೂ ಪ್ರೊಪೆಲ್ಲರ್ ಎಲೆಗಳು ಬಾಗಿದ ರೀತಿ ಎಂಜಿನ್ ಬಗ್ಗೆ ಸಾಕ್ಷಿ ಹೇಳುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ ನನಗೆ ತುಂಬಾ ಇಷ್ಟ. ಎಚ್ಚರಿಕೆ ದೀಪದ ಪುಟ್ಟ ಬಲ್ಬು. ಉರಿಯುತ್ತಿದ್ದ ಬಲ್ಬಿನ ತಂತಿ ಬಿಸಿಯಾಗಿ ಮೆತ್ತಗಿರುತ್ತದೆ. ಪೆಟ್ಟು ಬಿದ್ದಾಗ ಅದು ಎಳೆದುಕೊಂಡು ಸಡಿಲವಾಗುತ್ತದೆ. ಆರಿದ್ದ ಬಲ್ಬಿನ ತಂತಿ ಹಾಗೆ ಎಳೆಯುವುದಿಲ್ಲ, ಪಟ್ಟನೆ ತುಂಡಾಗುತ್ತದೆ, ಇಲ್ಲವೇ ಇದ್ದ ಹಾಗೆ ಇರುತ್ತದೆ. ಕೊನೆಯ ಕ್ಷಣದಲ್ಲಿ ಪೈಲಟ್ ಮುಂದೆ ಯಾವ ದೀಪ ಹತ್ತಿತ್ತು ಎಂದು ಭೂತಗನ್ನಡಿಯಲ್ಲಿ ಓದಬಹುದು.

ಎವೆಲೆತ್ ಪ್ರಕರಣದಲ್ಲಿ ಗಂಟು ಬಿಡಿಸಿದ್ದು ರಡಾರ್. ಮೊದಲು ವಿಮಾನ ಬೇಕಾದ್ದಕ್ಕಿಂತ ವೇಗವಾಗಿ, ಎತ್ತರದಲ್ಲಿ ಬಂದಿತ್ತು. ಪೈಲಟ್‌ಗಳು ಪವರ್ ಕಮ್ಮಿ ಮಾಡಿದರು. ವೇಗ ಇಳಿಯಿತು. ಇಳಿಯುತ್ತಲೇ ಹೋಯಿತು. ರಡಾರ್ ಕೊನೆಗೆ ಕಂಡಾಗ ಸುಮಾರು 76 ನಾಟ್, ಅಂದರೆ ಗಂಟೆಗೆ 140 ಕಿಲೋಮೀಟರ್. ಆ ವಿಮಾನಕ್ಕೆ ಅದು ಸಾಲದು. ದಾರಿ ತೋರಿಸುವ ರೇಡಿಯೊ ಸಂಕೇತ ಸ್ವಲ್ಪ ಪಕ್ಕಕ್ಕೆ ಸರಿದಿತ್ತು, ಅದನ್ನೂ ಹಾರಿ ನೋಡಿ ಪರೀಕ್ಷಿಸಿದರು. ರೆಕ್ಕೆಗೆ ಮಂಜುಗಡ್ಡೆ ಕಟ್ಟಿತ್ತೇ ಎಂದೂ ನೋಡಿದರು. ಎರಡೂ ಕಾರಣ ಅಲ್ಲ ಎಂದಾಯಿತು. 13 ತಿಂಗಳ ನಂತರ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹೇಳಿದ್ದು ಇಷ್ಟೇ: ಪೈಲಟ್‌ಗಳು ಸಾಕಷ್ಟು ವೇಗ ಉಳಿಸಿಕೊಳ್ಳಲಿಲ್ಲ, ವಿಮಾನ ಸ್ಟಾಲ್ ಆಯಿತು.

ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಲ್ಲ. ವೇಗ ಕಮ್ಮಿಯಾದಂತೆ ವಿಮಾನವನ್ನು ಎತ್ತಿ ಹಿಡಿಯಲು ಮೂತಿ ಮೇಲಕ್ಕೆ ಎತ್ತುತ್ತಾರೆ. ಒಂದು ಮಿತಿ ದಾಟಿದರೆ ಗಾಳಿ ರೆಕ್ಕೆಯ ಮೇಲೆ ಅಂಟಿಕೊಂಡು ಹರಿಯುವುದಿಲ್ಲ, ಚದುರುತ್ತದೆ. ರೆಕ್ಕೆ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ ಮಗಳು ಇದನ್ನು ಎತ್ತರದಲ್ಲಿ ಅಭ್ಯಾಸ ಮಾಡಿರುತ್ತಾಳೆ. ಮೂತಿ ತಗ್ಗಿಸಿದರೆ ವಿಮಾನ ಸರಿಹೋಗುತ್ತದೆ, ಕೆಲವು ನೂರು ಅಡಿ ಕಳೆದುಕೊಂಡು. ನೆಲ ಹತ್ತಿರ ಇದ್ದಾಗ ಕಳೆದುಕೊಳ್ಳಲು ಆ ಅಡಿಗಳೇ ಇರುವುದಿಲ್ಲ. ಇಳಿಯುವ ಹೊತ್ತು ಅಪಾಯದ್ದು ಅನ್ನುವುದು ಇದಕ್ಕೇ.

ಇನ್ನು ನಿಮ್ಮ ಕೊನೆಯ ಮಾತು. ಅದೇ ವರದಿ ಪೈಲಟ್‌ಗಳಲ್ಲಿಗೆ ನಿಲ್ಲಲಿಲ್ಲ. ಅವರ ಜೊತೆ ಹಿಂದೆ ಹಾರಿದ್ದವರನ್ನು ಮಾತಾಡಿಸಿದರು. ಇಬ್ಬರು ಪೈಲಟ್‌ಗಳು ಒಬ್ಬರನ್ನೊಬ್ಬರು ಗಮನಿಸಿ ಕೆಲಸ ಮಾಡುವ ತರಬೇತಿ ಅಲ್ಲಿ ಸಾಲದಾಗಿತ್ತು ಎಂದು ಬರೆದರು. ವೇಗ ಕಮ್ಮಿಯಾದರೆ ಎಚ್ಚರಿಸುವ ಸಾಧನ ಇಂಥ ವಿಮಾನಗಳಿಗೆ ಬೇಕೇ ಎಂದು ಪರಿಶೀಲಿಸಲು ಶಿಫಾರಸು ಮಾಡಿದರು. ನಮ್ಮಲ್ಲಿ ಈ ಕೆಲಸ 2012ರಲ್ಲಿ ಆರಂಭವಾದ ವಿಮಾನ ಅಪಘಾತ ತನಿಖಾ ದಳದ್ದು. ಯಾರನ್ನೋ ದೂರುವುದು ತನಿಖೆಯ ಉದ್ದೇಶವಲ್ಲ, ಇನ್ನೊಂದು ಅಪಘಾತ ತಪ್ಪಿಸುವುದು ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. 30 ದಿನದಲ್ಲಿ ಪ್ರಾಥಮಿಕ ವರದಿ, ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ. ಮನೆಯವರಿಗೆ ಆ ಕಾಯುವಿಕೆ ತುಂಬಾ ದೊಡ್ಡದು, ಗೊತ್ತು. ಆದರೆ ಎರಡೇ ದಿನಕ್ಕೆ ಟಿವಿಯಲ್ಲಿ ಕಾರಣ ಹೇಳುವವರನ್ನು ದಯವಿಟ್ಟು ನಂಬಬೇಡಿ.

ಮಗಳ ವಿಷಯಕ್ಕೆ ಒಂದು ಮಾತು. ರನ್‌ವೇ ಕಡೆಗೆ ಕೊನೆಯ ತಿರುವು ತೆಗೆದುಕೊಳ್ಳುವಾಗ ಸ್ವಲ್ಪ ಆಚೆ ಹೋಗಿಬಿಡುವುದು ಉಂಟು. ಆಗ ಜಾಸ್ತಿ ವಾಲಿಸಿ ಸರಿಮಾಡೋಣ ಅನಿಸುತ್ತದೆ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗುವ ವೇಗ ಶೇ 19ರಷ್ಟು, 60 ಡಿಗ್ರಿ ವಾಲಿಸಿದರೆ ಶೇ 41ರಷ್ಟು ಮೇಲೇರುತ್ತದೆ. ಅಂದರೆ ನೇರ ಹಾರಾಟದಲ್ಲಿ ಸಾಕಾಗುವ ವೇಗ ಇದ್ದರೂ ಆ ತಿರುವಿನಲ್ಲಿ ಸ್ಟಾಲ್ ಆಗಬಹುದು. ಒಂದು ಸಂಜೆ ಅವಳನ್ನೇ ಕೇಳಿ, ಕೊನೆಯ ತಿರುವಿನಲ್ಲಿ ರನ್‌ವೇ ತಪ್ಪಿದರೆ ಏನು ಮಾಡುತ್ತೀಯಾ ಅಂತ. ‘ಗೋ ಅರೌಂಡ್ ಮಾಡ್ತೀನಮ್ಮಾ, ಪವರ್ ಕೊಟ್ಟು ಮೇಲೆ ಹೋಗಿ ಇನ್ನೊಂದು ಸುತ್ತು ಬರ್ತೀನಿ’ ಎಂದು ಅವಳು ತಡವರಿಸದೆ ಹೇಳಬೇಕು.