ಡಬ್ಬಿಯ ಬೀನ್ಸ್ ಮತ್ತು ಅತ್ತೆಯವರ ರಕ್ತದೊತ್ತಡ: ಒಂದು ಆಪ್ತಸಲಹೆ ಪ್ರಕರಣ

ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರಿಂದ ಅತ್ತೆ, ಸೊಸೆ ಇಬ್ಬರೂ ಒಟ್ಟಿಗೆ ಬಂದಿದ್ದರು. ಮಗ, ಸೊಸೆ ಮತ್ತು 8 ವರ್ಷದ ಮೊಮ್ಮಗ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದು ಊರಿಗೆ ಮರಳಿದ್ದರು. ಬೆಳಗಿನ ತಿಂಡಿಗೆ ಬ್ರೆಡ್ಡಿನ ಮೇಲೆ ಸುರಿದ ಬೇಕ್ಡ್ ಬೀನ್ಸ್ ಬಿಟ್ಟರೆ ಮಗು ಬೇರೇನನ್ನೂ ಮುಟ್ಟುತ್ತಿರಲಿಲ್ಲ. "ಒಲೆ ಮೇಲೆ ಹಿತಕಿದ ಅವರೆಬೇಳೆ ಸಾರು ಕುದೀತಿದ್ರೂ ಇವಳು ಡಬ್ಬಿ ತೆಗೆದು ಸುರೀತಾಳೆ, ಅದ್ರಲ್ಲಿ ಏನು ವಿಷ ಹಾಕಿದಾರೋ" ಎಂಬುದು ಅತ್ತೆಯವರ ದೂರು. "ನೂರು ಗ್ರಾಮಿಗೆ ಇಪ್ಪತ್ತು ಗ್ರಾಂ ಪ್ರೋಟೀನ್ ಇದೆ ಮೇಡಂ, ಅತ್ತೆಗೆ ಹೇಳಿದ್ರೆ ಕೇಳೋದೇ ಇಲ್ಲ" ಎಂದರು ಸೊಸೆ. ಇಬ್ಬರೂ ನನ್ನಿಂದ ತೀರ್ಪನ್ನು ನಿರೀಕ್ಷಿಸಿದ್ದರು. ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ಇಬ್ಬರ ವಾದವೂ ತಪ್ಪು ಮಾಹಿತಿಯ ಮೇಲೆ ನಿಂತಿರುವಾಗ, ಅದನ್ನು ತಿದ್ದದೆ ಮನಸ್ತಾಪದ ಮಾತನ್ನಷ್ಟೇ ಆಡಿದರೆ ಜಗಳ ಮರುದಿನದ ತಿಂಡಿಯ ಹೊತ್ತಿಗೆ ಮತ್ತೆ ಹುಟ್ಟುತ್ತದೆ. ಆದ್ದರಿಂದ ಮನೆಯಲ್ಲಿರುವ ಒಂದು ಡಬ್ಬಿಯನ್ನೂ, ಮನೆಯವರೆಲ್ಲರೂ ಮೂರು ದಿನ ತಿಂದದ್ದನ್ನು ಬರೆದಿಟ್ಟ ಪಟ್ಟಿಯನ್ನೂ ಮುಂದಿನ ಭೇಟಿಗೆ ತರಲು ಹೇಳಿದೆ.

ಡಬ್ಬಿ ಬಂತು. ಸೊಸೆಯವರ ಕೈಯಿಂದಲೇ ಚೀಟಿಯನ್ನು ಓದಿಸಿದೆ. ಟೊಮೆಟೊ ಸಾಸಿನಲ್ಲಿ ಬೇಯಿಸಿದ ಈ ಬಗೆಯ ಬೀನ್ಸಿನಲ್ಲಿ 100 ಗ್ರಾಮಿಗೆ ಸುಮಾರು 80 ಕಿಲೋಕ್ಯಾಲರಿ, 5 ಗ್ರಾಮಿನಷ್ಟು ಪ್ರೋಟೀನ್, 4 ಗ್ರಾಮಿನ ಆಸುಪಾಸು ನಾರು, 5 ಗ್ರಾಮಿನಷ್ಟು ಸಕ್ಕರೆ ಹಾಗೂ 0.6 ಗ್ರಾಮಿನಷ್ಟು ಉಪ್ಪು ಇರುತ್ತದೆ; ಕೊಬ್ಬು ನಗಣ್ಯ. ಸೊಸೆಯವರು ಹೇಳುತ್ತಿದ್ದ 20 ಗ್ರಾಂ ಸುಳ್ಳೇನಲ್ಲ, ಅದು ಒಣ ಕಾಳಿನ ಲೆಕ್ಕ. ಯಾವ ಬೇಳೆಯನ್ನೇ ಆಗಲಿ ನೆನೆಸಿ ಬೇಯಿಸಿದಾಗ ಅದು ನೀರು ಕುಡಿದು ಉಬ್ಬುತ್ತದೆ, ತೂಕ ಹೆಚ್ಚುತ್ತದೆ, ಪ್ರೋಟೀನ್ ಮಾತ್ರ ಇದ್ದಷ್ಟೇ ಇರುತ್ತದೆ. ಡಬ್ಬಿಯಲ್ಲಾದರೆ ಸಾಸಿನ ತೂಕವೂ ಸೇರುತ್ತದೆ. ಒಣ ತೊಗರಿಬೇಳೆಯಲ್ಲೂ 100 ಗ್ರಾಮಿಗೆ 20 ಗ್ರಾಂ ಮೀರಿದ ಪ್ರೋಟೀನ್ ಇದೆ ಎಂದಾಗ ಅತ್ತೆಯವರ ಮುಖದಲ್ಲಿ ಗೆದ್ದ ಕಳೆ ಕಂಡಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

ಏಕೆಂದರೆ ವಿಷದ ಮಾತೂ ನಿಲ್ಲುವಂಥದ್ದಲ್ಲ. ಡಬ್ಬಿಯೊಳಗಿರುವುದು ರಾಜ್ಮಾ ಜಾತಿಗೇ ಸೇರಿದ ಸಣ್ಣ ಬಿಳಿ ಕಾಳು. ನಾವು ಪಲ್ಯಕ್ಕೆ ಹೆಚ್ಚುವ ಹುರುಳಿಕಾಯಿಯೂ ಅದೇ ಜಾತಿಯ ಗಿಡದ ಎಳೆಯ ಕಾಯಿ. ಈ ಕಾಳು ಸರಿಯಾಗಿ ಬೇಯದಿದ್ದರೆ ವಾಂತಿ, ಭೇದಿ ತರಿಸುವ ಅಂಶ ಅದರಲ್ಲಿ ಉಳಿಯುತ್ತದೆ ಎಂಬುದು ನಿಜ. ಆದರೆ ಮುಚ್ಚಿದ ಡಬ್ಬಿಯನ್ನು ಕಾರ್ಖಾನೆಯಲ್ಲಿ ಕುದಿಬಿಂದುವಿಗಿಂತ ಹೆಚ್ಚಿನ ಶಾಖದಲ್ಲಿ, ಒತ್ತಡದಲ್ಲಿ ಬೇಯಿಸುವುದರಿಂದ ಆ ಅಂಶ ನಾಶವಾಗುತ್ತದೆ, ಕೆಡಿಸುವ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಅತ್ತೆಯವರಿಗೆ ಇನ್ನೊಂದು ಶಂಕೆಯಿತ್ತು, ಹಂದಿಯ ಕೊಬ್ಬಿನದು. ಅಮೆರಿಕದ ಕೆಲವು ಬಗೆಗಳಲ್ಲಿ ಅದನ್ನು ಹಾಕುವುದುಂಟು. ಅವುಗಳಲ್ಲಿ ಕಾಕಂಬಿಯೋ ಕಂದು ಸಕ್ಕರೆಯೋ ಸೇರಿ ಸಿಹಿಯೂ ಜಾಸ್ತಿ. ಇವರ ಮನೆಯದು ಬ್ರಿಟಿಷ್ ಮಾದರಿಯ ಟೊಮೆಟೊ ಸಾಸಿನದು, ಚೀಟಿಯ ಮೇಲೆ ಸಸ್ಯಾಹಾರದ ಹಸಿರು ಗುರುತೂ ಇತ್ತು. ಅಡುಗೆಮನೆಯ ಮಡಿಯ ಚಿಂತೆಯನ್ನು ಸೊಸೆಯವರು ಹಳೆಯ ಕಾಲದ್ದೆಂದು ತಳ್ಳಿಹಾಕುತ್ತಿದ್ದರು. ಆ ಗುರುತನ್ನು ಅವರೇ ಬೆರಳಿಟ್ಟು ತೋರಿಸಿದ್ದರೆ ಅರ್ಧ ಜಗಳ ಆ ದಿನವೇ ಮುಗಿಯುತ್ತಿತ್ತೆಂದು ನನಗೆ ಅನ್ನಿಸಿತು.

ಮಗುವಿನ ಲೆಕ್ಕ ಸುಲಭವಾಗಿತ್ತು. ಅವನು ದಿನಕ್ಕೆ 415 ಗ್ರಾಮಿನ ಡಬ್ಬಿಯ ಅರ್ಧ ತಿನ್ನುತ್ತಿದ್ದ. ಅಂದರೆ ಸುಮಾರು 10 ಗ್ರಾಂ ಪ್ರೋಟೀನ್, 8 ಗ್ರಾಂ ನಾರು. ಆ ವಯಸ್ಸಿನ ಮಗುವಿಗೆ ದಿನಕ್ಕೆ 23 ಗ್ರಾಮಿನಷ್ಟು ಪ್ರೋಟೀನ್ ಸಾಕೆಂಬುದನ್ನು ನೆನೆದರೆ ಇದು ಕಡೆಗಣಿಸುವಂಥ ತಿಂಡಿಯಲ್ಲ. ಕಾಳಿನಲ್ಲಿ ಕಡಿಮೆಯಿರುವ ಅಮೈನೋ ಆಮ್ಲವನ್ನು ಬ್ರೆಡ್ಡಿನ ಗೋಧಿ ತುಂಬಿಕೊಡುತ್ತದೆ. ಅನ್ನಕ್ಕೆ ಹುಳಿ ಕಲಸಿದಾಗ ಆಗುವುದೂ ಅದೇ. ಆದರೆ ಅದೇ ಅರ್ಧ ಡಬ್ಬಿಯಲ್ಲಿ 10 ಗ್ರಾಮಿನಷ್ಟು ಸಕ್ಕರೆಯಿದೆ, ಅದರಲ್ಲಿ ಟೊಮೆಟೊದಿಂದ ಬಂದದ್ದು ಸ್ವಲ್ಪವೇ, ಉಪ್ಪು 1.2 ಗ್ರಾಂ, ಬ್ರೆಡ್ಡಿನ ಉಪ್ಪು ಬೇರೆ. ಊರು, ಶಾಲೆ, ಗೆಳೆಯರು ಎಲ್ಲವೂ ಒಮ್ಮೆಲೇ ಬದಲಾದ ಮಗುವಿಗೆ ಬದಲಾಗದೆ ಉಳಿದದ್ದು ಆ ಒಂದು ತಟ್ಟೆ. ಅದನ್ನು ಕಿತ್ತುಕೊಳ್ಳುವುದು ಬೇಡವೆಂದೂ, ವಾರಕ್ಕೆ ಎರಡು ದಿನ, ಕಾಲು ಡಬ್ಬಿಯಷ್ಟಕ್ಕೆ ಮೆಲ್ಲಗೆ ಇಳಿಸಬೇಕೆಂದೂ ಸಲಹೆ ಕೊಟ್ಟೆ.

ನಿಜವಾದ ತೊಂದರೆ ಮೂರು ದಿನಗಳ ಪಟ್ಟಿಯಲ್ಲಿತ್ತು, ಅದೂ ಅತ್ತೆಯವರ ಪುಟದಲ್ಲಿ. ಮಗು ಬಿಟ್ಟ ಅರ್ಧ ಡಬ್ಬಿಯನ್ನು ಅವರು ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಸಪ್ಪೆಯೆಂದು ಮತ್ತಷ್ಟು ಉಪ್ಪು ಉದುರಿಸಿ, ಮಧ್ಯಾಹ್ನ ಅನ್ನದ ಜೊತೆ ಉಣ್ಣುತ್ತಿದ್ದರು; ಪಕ್ಕಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ, ಎರಡು ಹಪ್ಪಳ. ಕೇಳಿದಾಗ, "ಮತ್ತೆ ಚೆಲ್ಲೋದಾ? ಅನ್ನಪೂರ್ಣೇಶ್ವರಿ ಮೆಚ್ತಾಳಾ?" ಎಂದರು. ಅವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಮಟ್ಟಸವಾದ ಒಂದು ಟೀ ಚಮಚ. ಅದರಲ್ಲಿ ಕಾಲು ಭಾಗ ಅರ್ಧ ಡಬ್ಬಿಯಲ್ಲೇ ಮುಗಿಯುತ್ತದೆ. ಉದುರಿಸಿದ್ದು, ಉಪ್ಪಿನಕಾಯಿ, ಹಪ್ಪಳ ಆಮೇಲಿನ ಮಾತು. ಸೊಸೆಯವರಿಗೆ ಇದು ಗೊತ್ತೇ ಇರಲಿಲ್ಲ. ವಾದದಲ್ಲಿ ಸೋಲಿಸಬೇಕೆಂದುಕೊಂಡಿದ್ದವರು ಸುಮ್ಮನಾಗಿ, "ಅತ್ತೆ, ನನಗೆ ಹೇಳಬಾರದಿತ್ತೇ?" ಎಂದಷ್ಟೇ ಕೇಳಿದರು.

ಸಲಹೆಗಳು ಇಲ್ಲಿಂದಲೇ ಹುಟ್ಟಿದವು. ತರುವುದಾದರೆ ಅರ್ಧ ಅಳತೆಯ ಸಣ್ಣ ಡಬ್ಬಿ ತರಬೇಕು. ಆಗ ಉಳಿಯುವುದು ಕಡಿಮೆ, ಉಳಿದದ್ದನ್ನು ಡಬ್ಬಿಯಲ್ಲೇ ಇಡದೆ ಸ್ಟೀಲ್ ಪಾತ್ರೆಗೆ ಸುರಿದು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮಗುವಿಗೇ ಕೊಡಬಹುದು. ಚೀಟಿಯಲ್ಲಿ ಉಪ್ಪಿನ ಬದಲು ಸೋಡಿಯಂ ಎಂದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ ಉಪ್ಪಿನ ಲೆಕ್ಕ ಹಿಡಿಯಬೇಕು. ಬಹಳ ಮಂದಿ 240 ಮಿಲಿಗ್ರಾಂ ಸೋಡಿಯಂ ಎಂಬುದನ್ನು ಅಷ್ಟೇ ಉಪ್ಪೆಂದು ಓದಿಕೊಂಡು ನೆಮ್ಮದಿಯಾಗಿರುತ್ತಾರೆ. ಸಕ್ಕರೆ ಸೇರಿಸಿಲ್ಲವೆಂದು ಬರೆದ ಕೆಲವು ಡಬ್ಬಿಗಳಲ್ಲಿ ಬದಲಿ ಸಿಹಿಕಾರಕ ಇರುವುದರಿಂದ ಪದಾರ್ಥಗಳ ಪಟ್ಟಿಯನ್ನೂ ಓದಬೇಕು.

ಮನೆಯಲ್ಲೇ ಮಾಡುವ ಬೀನ್ಸಿನ ಹೊಣೆಯನ್ನು ಅತ್ತೆಯವರೇ ಕೇಳಿ ಪಡೆದರು. ಅಲಸಂದೆಯನ್ನೋ ಬಿಳಿ ರಾಜ್ಮಾವನ್ನೋ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಟೊಮೆಟೊ ರಸ, ಈರುಳ್ಳಿ, ಚಿಟಿಕೆ ಬೆಲ್ಲ ಮತ್ತು ಅಳೆದ ಉಪ್ಪು ಹಾಕಿ ಕುದಿಸುವುದು. ಮೊದಮೊದಲು ಡಬ್ಬಿಯದರ ಜೊತೆ ಬೆರೆಸಿ ಕೊಡಬೇಕು, ಬೆರೆಸಿದ್ದನ್ನು ಮಗುವಿನಿಂದ ಮುಚ್ಚಿಡಬಾರದು. ಊಟದ ಮೇಜಿನಲ್ಲಿ ವಿಷ ಎಂಬ ಮಾತು ಅತ್ತೆಯವರ ಬಾಯಲ್ಲೂ, ಪ್ರೋಟೀನಿನ ಪಾಠ ಸೊಸೆಯವರ ಬಾಯಲ್ಲೂ ಬರಬಾರದೆಂದು ಇಬ್ಬರೂ ಒಪ್ಪಿದರು. ಡಬ್ಬಿಗಳನ್ನು ಡಜನ್ನುಗಟ್ಟಲೆ ತರಿಸಿ, ಜಗಳದ ಹೊತ್ತಿಗೆ ಆಫೀಸಿಗೆ ಹೊರಡುತ್ತಿದ್ದ ಮಗನನ್ನು ಮುಂದಿನ ಭೇಟಿಗೆ ಕರೆತರಲು ಹೇಳಿದ್ದೇನೆ.

ಅತ್ತೆಯವರು ತಮ್ಮ ವೈದ್ಯರನ್ನು ಕಂಡು ರಕ್ತದೊತ್ತಡದ ಜೊತೆ ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟೆ. ಕಾಳುಗಳಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ; ಮೂತ್ರಪಿಂಡ ದುರ್ಬಲವಾಗಿದ್ದರೆ ಅದಕ್ಕೂ ಮಿತಿ ಬೇಕಾಗುತ್ತದೆ. ನೆರೆಮನೆಯವರ ಮಾತು ಕೇಳಿ ಅವರು ಕೊಳ್ಳಲು ಹೊರಟಿದ್ದ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುವುದರಿಂದ, ವರದಿ ನೋಡಿ ವೈದ್ಯರು ಹೇಳುವವರೆಗೆ ಅದನ್ನು ಮನೆಗೆ ತರಬಾರದೆಂದು ಸೊಸೆಯವರಿಗೂ ತಿಳಿಸಿದ್ದೇನೆ.